ಹಿಡಿಯದ ಬ್ರೇಕು

ಕಾರು ಸಂತೆಯಲ್ಲಿ ಮಾರುವವನು ಸುಳ್ಳು ಹೇಳುತ್ತಾನೆ, ಕೊಳ್ಳುವವನು ಮುಖ ಸಿಂಡರಿಸುತ್ತಾನೆ, ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದೇ ಬಾಟಲಿಯ ಬಿಯರ್ ಕುಡಿದು ಕೈ ಕುಲುಕುತ್ತಾರೆ. ಕೊಚಬಂಬ ನಗರದಲ್ಲಿ ಇದು ನಾನು ಹುಟ್ಟುವ ಮೊದಲಿಂದ ನಡೆದುಬಂದ ಪದ್ಧತಿ. ಅದನ್ನು ಮುರಿಯಲೆಂದೇ ಬಂದವನ ಹಾಗೆ ನಮ್ಮಪ್ಪ ದೋನ್ ಫಿದೆನ್ಸಿಯೊ ಆ ಭಾನುವಾರ ತನ್ನ ಬಿಳಿ ವ್ಯಾನಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಅದರ ದೋಷಗಳನ್ನು ಒಂದೊಂದಾಗಿ ವರ್ಣಿಸತೊಡಗಿದ.

ವ್ಯಾನು ಅವತ್ತೇ ಹೋಗಬೇಕಿತ್ತು. ಅಪ್ಪನ ಕಣ್ಣು ಮಂಜಾಗಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳುವ ಎದೆ ಯಾರಿಗೂ ಇರಲಿಲ್ಲ. ಹಿಂದಿನ ತಿಂಗಳು ನಮ್ಮೂರು ಕಿಯಾಕೊಯೊದ ಮಾರುಕಟ್ಟೆ ಬೀದಿಯಲ್ಲಿ ಅವನು ಹಾಡಹಗಲೇ ಒಂದು ಈರುಳ್ಳಿ ಗಾಡಿಗೆ ವ್ಯಾನು ನುಗ್ಗಿಸಿದ. ಗಾಡಿಯ ಮುದುಕಿ ಬಿಸಿ ಜೋಳದ ಗಂಜಿ ಕುಡಿಯಲು ಆಚೆ ಬದಿಗೆ ಹೋಗಿದ್ದರಿಂದ ಬದುಕಿದಳು. ಅಪ್ಪ ಇಳಿದು ನಿಂತು, ಸುತ್ತ ಉರುಳುತ್ತಿದ್ದ ಈರುಳ್ಳಿಗಳ ಸದ್ದು ಕೇಳುತ್ತ, ಬ್ರೇಕ್ ಹಿಡಿಯಲಿಲ್ಲ ಎಂದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ನನ್ನ ತಮ್ಮ ವಾಲ್ತೆರನೂ ಹೌದಪ್ಪ, ನೆಲವೇ ಡೊಂಕು ಎಂದು ತಲೆಯಾಡಿಸಿದೆವು. ವ್ಯಾನಿಗೆ ವಯಸ್ಸಾಯಿತು, ಬ್ರೇಕೂ ಹೋಯಿತು, ಈಗಿನ ಪೆಟ್ರೋಲ್ ಸಾಲಿನಲ್ಲಿ ರಾತ್ರಿಯೆಲ್ಲ ನಿಂತು ಇದರ ಹೊಟ್ಟೆ ತುಂಬಿಸುವವರು ಯಾರು, ಮಾರಿಬಿಡೋಣ ಎಂದೆವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಪ್ಪ ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ಷರತ್ತು ಹಾಕಿದ. ಅವನ ಬಾಯಲ್ಲಿ ವ್ಯಾನು ಯಾವಾಗಲೂ ಅವಳೇ. ಒಂದೇ ಒಂದು ಭಾನುವಾರ ಸಂತೆಗೆ ಒಯ್ಯೋಣ, ನಾನೂ ಬರುತ್ತೇನೆ, ಅವಳ ಬಗ್ಗೆ ಒಂದು ಸುಳ್ಳನ್ನೂ ಹೇಳಕೂಡದು, ಯಾರೂ ಕೊಳ್ಳದಿದ್ದರೆ ಅವಳು ನನ್ನ ಜೊತೆಯೇ ಇರಬೇಕೆಂದು ದೇವರ ಇಚ್ಛೆ. ಅಂದರೆ ಸೋಮವಾರ ಬೆಳಿಗ್ಗೆ ಬೀಗದ ಕೈ ಮತ್ತೆ ಅವನ ಜೇಬಿಗೆ. ಅವನ ದಾರಿಯಲ್ಲಿ ಶಾಲೆ ಇದೆ, ಮಾರುಕಟ್ಟೆ ಇದೆ, ನನ್ನ ಸ್ವಂತ ಮಕ್ಕಳು ಸೈಕಲ್ ತುಳಿಯುವ ಓಣಿಯೂ ಇದೆ.

ಅವತ್ತು ಬೆಳಿಗ್ಗೆ ಅವನು ಗಡ್ಡ ಹೆರೆದುಕೊಳ್ಳುತ್ತಿರುವಾಗಲೇ ನಾನು ಹೋಗಿ ಚಾಲಕನ ಸೀಟಿನಲ್ಲಿ ಕೂತುಬಿಟ್ಟೆ, ಏಳಲಿಲ್ಲ. ಅಪ್ಪ ಗೊಣಗುತ್ತ ಹಿಂದೆ ಹತ್ತಿದ. ಮುಂದೆ ನನ್ನ ಪಕ್ಕದ ಬಲಗಡೆಯ ಸೀಟು ಅಮ್ಮನದು. ಅಮ್ಮ ಹೋಗಿ ವರ್ಷ ತುಂಬಿದ್ದರೂ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ.

ಆ ವ್ಯಾನು ಜಪಾನಿನಲ್ಲಿ ಹುಟ್ಟಿ, ಹಡಗಿನಲ್ಲಿ ಚಿಲಿಯ ಕಡಲತೀರಕ್ಕೆ ಬಂದು, ಮರುಭೂಮಿ ದಾಟಿ ಬೆಟ್ಟ ಹತ್ತಿ ನಮ್ಮ ಕಡೆಗೆ ಬಂದದ್ದು. ಬರುವಾಗ ಅದರ ಸ್ಟೀರಿಂಗು ಬಲಗಡೆ ಇತ್ತು, ನಮ್ಮ ದೇಶದಲ್ಲಿ ಅದು ಎಡಗಡೆ ಇರಬೇಕು. ಆ ಕಾಲಕ್ಕೆ ಬಂದ ವ್ಯಾನುಗಳೆಲ್ಲ ಹಾಗೆಯೇ, ಯಾವುದೋ ಶೆಡ್ಡಿನಲ್ಲಿ ಹೊಟ್ಟೆ ಬಗೆಸಿಕೊಂಡು ಸ್ಟೀರಿಂಗನ್ನು ಎಡಕ್ಕೆ ಬದಲಾಯಿಸಿಕೊಂಡೇ ನಮ್ಮ ಬೀದಿಗೆ ಇಳಿಯುತ್ತಿದ್ದವು. ನಾನಾಗ ಶಾಲೆಗೆ ಹೋಗುತ್ತಿದ್ದೆ. ಅಪ್ಪ ಬ್ಯಾಂಡಿನಲ್ಲಿ ದೊಡ್ಡ ಕಹಳೆ ಊದುತ್ತಿದ್ದ, ಆ ಕಹಳೆಗೆ ಬಸ್ಸಿನಲ್ಲಿ ಎರಡು ಟಿಕೆಟ್ ಕೇಳುತ್ತಾರೆ ಎಂಬ ಸಿಟ್ಟಿಗೇ ವ್ಯಾನು ಕೊಂಡ. ಊರ ದೇವಿಯ ಹಬ್ಬಕ್ಕೆ ಕಹಳೆ, ಡೋಲು, ಅಜ್ಜಿ, ಅಜ್ಜಿಯ ಕೋಳಿ, ನಾವಿಬ್ಬರು, ಪಕ್ಕದ ಮನೆಯ ಮೂವರು ಎಲ್ಲರೂ ಅದರಲ್ಲೇ. ಬೆಳಗಿನ ಜಾವ ಮರಳುವಾಗ ನಾನು ಕಹಳೆಯ ಬಾಯೊಳಗೆ ತಲೆಯಿಟ್ಟು ಮಲಗುತ್ತಿದ್ದೆ. ಹಿತ್ತಾಳೆ ತಣ್ಣಗಿರುತ್ತಿತ್ತು, ಒಳಗೆ ಅಪ್ಪನ ಉಸಿರಿನ ವಾಸನೆ. ಅಷ್ಟು ಒಳ್ಳೆಯ ನಿದ್ದೆ ನನಗೆ ಮತ್ತೆ ಯಾವ ಹಾಸಿಗೆಯಲ್ಲೂ ಬಂದಿಲ್ಲ.

ಸಂತೆಯಲ್ಲಿ ವ್ಯಾನು ನೋಡಲು ಮೊದಲು ಬಂದವನು ಒಬ್ಬ ಯುವಕ. ಫೋನಿನಲ್ಲಿ ನೋಡಿಕೊಂಡು ನೇರ ಎಂಜಿನ್ನಿಗೆ ಬಗ್ಗಿದ. ಅಪ್ಪ ಕೂತಲ್ಲಿಂದಲೇ ಅವನನ್ನು ತಡೆದ.

"ಎಂಜಿನ್ನು ಎಲ್ಲಿಗೂ ಓಡೋಗಲ್ಲ ಮಗಾ. ಮೊದ್ಲು ಕಾಲಡಿ ಕಾರ್ಪೆಟ್ ಎತ್ತಿ ಮೂಸು. ಹಳೇ ನೀರಿನ ವಾಸ್ನೆ ಬಂದ್ರೆ ಹೊಳೇಲಿ ಮುಳುಗಿದ ಗಾಡಿ, ಕಾಲಿಗೆ ಬುದ್ಧಿ ಹೇಳು. ಆಮೇಲೆ ಬಲಗಡೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕು. ಸ್ಟೀರಿಂಗ್ ಮೊದ್ಲಿದ್ದ ಜಾಗ ಅದು. ಬೆಸುಗೆ ಬೆರಳಿಗೆ ನುಣ್ಣಗೆ ಸಿಗ್ಬೇಕು. ಒರಟಾಗಿದ್ರೆ ಕುಡುಕ ಮಾಡಿದ ಕೆಲ್ಸ ಅಂತ ತಿಳ್ಕೋ."

ಯುವಕ ಕೈ ಹಾಕಿದ. ಬೆಸುಗೆ ನುಣ್ಣಗೇ ಇತ್ತು. ನನಗೆ ಜೀವ ಬಂತು. ಅಷ್ಟರಲ್ಲಿ ಅಪ್ಪ ಬಾನೆಟ್ಟಿನ ಅಂಚಿನ ತುಕ್ಕು ತೋರಿಸಿದ. ಪ್ರತಿ ಕಾರ್ನಿವಾಲ್ ಹಬ್ಬದ ಮಂಗಳವಾರ ಭೂಮಿತಾಯಿಗೆ ಎರೆದು, ಉಳಿದದ್ದನ್ನು ವ್ಯಾನಿನ ತಲೆಗೆ ಎರೆದ ಬಿಯರ್ ತಿಂದ ತುಕ್ಕು ಅದು. ಬಿಯರ್ ಬೀಳದ ಗಾಡಿಯಾದರೆ ಅದರ ಯಜಮಾನ ಅದನ್ನು ಪ್ರೀತಿಸಲಿಲ್ಲವೆಂದು ಅರ್ಥ, ಆದರೆ ಪ್ರೀತಿ ಹೆಚ್ಚಾದರೆ ತಗಡು ಹೋಗುತ್ತದೆ ಎಂದು ಅಪ್ಪ ತತ್ವ ಹೇಳಿದ. ಯುವಕ ನಕ್ಕ. ಇನ್ನೇನು ಬೆಲೆ ಕೇಳಬೇಕು ಅನ್ನುವಾಗ ಅಪ್ಪ ಕೊನೆಯದನ್ನು ಹೇಳಿದ. ಬ್ರೇಕ್ ಹಿಡಿಯುವುದಿಲ್ಲ.

ಯುವಕ ಮಾಯವಾದ. ಆಮೇಲೆ ಬಂದ ಟ್ಯಾಕ್ಸಿಯವನೂ ಮಾಯವಾದ, ಚರ್ಚಿನ ಗಾಯನ ತಂಡಕ್ಕೆಂದು ಹುಡುಕುತ್ತಿದ್ದ ಗಂಡ ಹೆಂಡತಿಯೂ ಮಾಯವಾದರು. ಎಲ್ಲರಿಗೂ ಅಪ್ಪ ಮೊದಲು ಪಾಠ ಹೇಳುವುದು, ಕೊನೆಗೆ ಬ್ರೇಕಿನ ಮಂಗಳ ಹಾಡುವುದು. ಬೇರೆಯವರು ಹೊಸ ಬಣ್ಣದ ಕೆಳಗೆ ಅರ್ಧ ಗಾಡಿಯನ್ನೇ ಮುಚ್ಚಿಟ್ಟು ಮಾರುತ್ತಿದ್ದ ಆ ಸಾಲಿನಲ್ಲಿ ನನ್ನಪ್ಪನೊಬ್ಬ ಹರಿಶ್ಚಂದ್ರ. ನನಗೆ ಮೈ ಉರಿಯಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಕಿವಿಯಲ್ಲಿ ಹೇಳಿದೆ. ತನಗೆ ಬೆಳ್ಳಿಯೇ ಸಾಕು ಎಂದ. ಕೊನೆಗೆ ಅವನ ಬಾಯಿ ಮುಚ್ಚಿಸಲು ಎರಡು ಸಾಲ್ತೆನ್ಯಾ ತಂದುಕೊಟ್ಟೆ. ಒಳಗೆಲ್ಲ ಬಿಸಿ ಮಾಂಸದ ರಸ ತುಂಬಿದ ಆ ಕಡುಬನ್ನು ಅಂಗಿಯ ಮೇಲೆ ಚೆಲ್ಲದೆ ತಿನ್ನಲು ಮನುಷ್ಯ ಸುಮ್ಮನಿರಲೇಬೇಕು.

ಅವನ ಬಾಯಿ ತುಂಬಿದ್ದಾಗಲೇ ದೋನ್ಯಾ ಸೆನೋವಿಯಾ ಬಂದಳು. ಪುನಾತದ ಕಡೆಯ ಗಿಣ್ಣಿನ ವ್ಯಾಪಾರಿ, ನೆರಿಗೆ ಲಂಗ, ಬಿಳಿ ಹ್ಯಾಟು, ಸಂತೆಯನ್ನೇ ಕೊಳ್ಳಲು ಬಂದವಳ ನಡಿಗೆ. ಗಂಡ ಪ್ರಿಮೊ ಅವಳ ಹಿಂದೆ. ಮೂವರು ಮಕ್ಕಳೂ ಅತ್ತೆಯೂ ಎದುರಿನ ನೆರಳಲ್ಲಿ ಒಣ ಪೀಚಿನ ಶರಬತ್ತು ಕುಡಿಯುತ್ತ ಕೂತಿದ್ದರು.

ಪ್ರಿಮೊ ಮಾತಿನವನಲ್ಲ. ಕರವಸ್ತ್ರದಲ್ಲಿ ಸುತ್ತಿದ ಆಯಸ್ಕಾಂತವನ್ನು ತೆಗೆದು ವ್ಯಾನಿನ ಮೈಯೆಲ್ಲ ಸವರಿದ. ಅದು ಕಚ್ಚಿಕೊಂಡರೆ ತಗಡು, ಜಾರಿದರೆ ತಗ್ಗು ಮುಚ್ಚಲು ಮೆತ್ತಿದ ಲಪ್ಪ. ಬಲಗಡೆಯ ಹಿಂದಿನ ಬಾಗಿಲ ಹತ್ತಿರ ಜಾರಿತು. ಅಜ್ಜಿಯ ಊರಲ್ಲಿ ಹೋರಿ ಗುದ್ದಿದ ಜಾಗ ಅದು, ನಾನೇ ಒಪ್ಪಿಕೊಂಡೆ. ಸೆನೋವಿಯಾ ಎಂಜಿನ್ನಿನ ಕಡೆ ನೋಡಲೂ ಇಲ್ಲ. ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತು, ಮೊಣಕಾಲಿಗೆ ಜಾಗ ಉಂಟೋ ನೋಡಿ, ಬೆಲ್ಟುಗಳನ್ನು ಒಂದೊಂದಾಗಿ ಎಳೆದು, ಮಕ್ಕಳ ಕೈಗೆ ಬಾಗಿಲು ಒಳಗಿನಿಂದ ತೆರೆಯುತ್ತದೋ ಎಂದು ಪರೀಕ್ಷಿಸಿದಳು. ಗಾಡಿ ಓಡಿಸುವವನು ಒಬ್ಬ, ಕೂರುವವರು ಐದು ಜನ, ಆದರೂ ಎಲ್ಲರೂ ಓಡಿಸುವವನ ಸೀಟಿನಲ್ಲೇ ಕೂತು ಬೆಲೆ ಕಟ್ಟುತ್ತಾರೆ ಎಂದಳು. ಅಪ್ಪ ಬಾಯಲ್ಲಿ ಕಡುಬಿದ್ದರೂ ಮೆಚ್ಚಿ ಹೂಂಗುಟ್ಟಿದ.

ಪ್ರಿಮೊ ಕೀ ತಿರುಗಿಸಿದ. ಡ್ಯಾಶ್‌ಬೋರ್ಡಿನೊಳಗಿನ ಯಂತ್ರದ ದನಿ, ಆ ಜಪಾನಿ ಹೆಂಗಸು, ಎಂದಿನಂತೆ ಮೆತ್ತಗೆ ಏನೋ ಹೇಳಿದಳು. ಅವಳು ಹೇಳುವುದು ಏನೆಂದು ಇಷ್ಟು ವರ್ಷವಾದರೂ ನಮಗೆ ಗೊತ್ತಿಲ್ಲ. ಅಮ್ಮ ಮಾತ್ರ ದಿನಾ ಬೆಳಿಗ್ಗೆ ಅವಳಿಗೆ "ಎದ್ಯಾ ಮಗಳೇ" ಎಂದು ಉತ್ತರ ಕೊಡುತ್ತಿದ್ದಳು. ಅದನ್ನು ಹೇಳಿದೆ. ಸೆನೋವಿಯಾ ನಕ್ಕು, ದಿನಾ ಮಾತಾಡಿಸುವ ಸೊಸೆ ಸಿಕ್ಕಿದ ಹಾಗಾಯಿತು ಎಂದು ಎದುರಿನ ನೆರಳಲ್ಲಿದ್ದ ಅತ್ತೆಗೆ ಕೇಳುವಂತೆ ಹೇಳಿದಳು.

ಆಮೇಲೆ ಪ್ರಿಮೊ ಬಾಟಲಿಯ ನೀರನ್ನು ಮುಂದಿನ ಗಾಜಿಗೆ ಸುರಿದು ವೈಪರ್ ಹಾಕಿದ. ವೈಪರುಗಳು ಬಲಗಡೆಯನ್ನು ಕನ್ನಡಿಯಂತೆ ಒರೆಸಿ, ಎಡಗಡೆ ಚಾಲಕನ ಕಣ್ಣಿನ ಎದುರಿಗೇ ಅಗಲವಾದ ಒಂದು ಮೂಲೆಯನ್ನು ಹಾಗೇ ಒದ್ದೆ ಬಿಟ್ಟವು. ಶೆಡ್ಡಿನವರು ಸ್ಟೀರಿಂಗು ಬದಲಾಯಿಸಿದ್ದರು, ವೈಪರಿಗೆ ಆ ವಿಷಯ ಹೇಳಿರಲಿಲ್ಲ. ಅದು ಇಂದಿಗೂ ಬಲಗಡೆ ಕೂತ ಯಾವನೋ ಜಪಾನಿಯವನಿಗಾಗಿ ಗಾಜು ಒರೆಸುತ್ತಿತ್ತು.

"ಮಳೇಲಿ ಹೆಂಗ್ ಓಡುಸ್ತಿದ್ರಿ ಯಜಮಾನ್ರೇ?" ಎಂದು ಪ್ರಿಮೊ ಮೊದಲ ಸಲ ಬಾಯಿ ಬಿಟ್ಟ.

ಅಪ್ಪ ಕಡುಬು ನುಂಗಿ, ಬಾಯಿ ಒರೆಸಿಕೊಂಡು, ಹೆಂಡತಿ ಹೇಳುತ್ತಿದ್ದಳು ಎಂದ.

ಹೌದು, ಹೇಳುತ್ತಿದ್ದಳು. ಬಲಗಡೆ ಕೂತ ಅಮ್ಮನಿಗೆ ಮಳೆಯಲ್ಲಿ ದಾರಿ ಚೆನ್ನಾಗಿ ಕಾಣುತ್ತಿತ್ತು. ನಾಯಿ. ಕಲ್ಲು. ಸೈಕಲ್ಲಿನವನು, ಕುಡಿದಿದ್ದಾನೆ. ಮುಂದೆ ಲಾರಿ, ಹಿಂದಿನ ದೀಪ ಇಲ್ಲ. ಹಳ್ಳ. ಎರಡು ಕುರಿ, ಇಲ್ಲ ಮೂರು. ಪ್ರತಿ ಮಳೆಗಾಲ ಅವಳು ಹೀಗೆ ದಾರಿಯನ್ನು ಅವನಿಗೆ ಓದಿ ಹೇಳುತ್ತಿದ್ದಳು, ಅವನು ಹೂಂ ಹೂಂ ಎನ್ನುತ್ತ ಓಡಿಸುತ್ತಿದ್ದ. ಹಿಂದೆ ಕೂತ ನಾವು ಅಣಕಿಸುತ್ತಿದ್ದೆವು. ವಾಲ್ತೆರ ಅವಳ ದನಿಯಲ್ಲೇ ಮುಂದೆ ಮೋಡ, ಪಕ್ಕದಲ್ಲಿ ಗಂಡ ಎನ್ನುತ್ತಿದ್ದ. ಕೊನೆಕೊನೆಗೆ ಅಮ್ಮನಿಗೆ ಅದೇ ಚಟವಾಗಿತ್ತು, ಬೇಸಿಗೆಯಲ್ಲೂ ಬಾಯಿ ನಿಲ್ಲುತ್ತಿರಲಿಲ್ಲ. ವಯಸ್ಸಾದಂತೆ ಮಾತು ಹೆಚ್ಚಾಯಿತು ಎಂದು ನಾವು ನಗುತ್ತಿದ್ದೆವು. ಆ ದನಿಯನ್ನು ಇನ್ನೊಂದು ಸಲ ಕೇಳಲು ಈಗ ಏನು ಬೇಕಾದರೂ ಕೊಟ್ಟೇನು.

ವೈಪರಿನ ಮೂಲೆಗೆ ಸೆನೋವಿಯಾ ಹೆದರಲಿಲ್ಲ. ತನ್ನ ಬಾಯಿ ಗಂಡನಿಗೆ ಹೇಗೂ ವೈಪರಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದಳು. ನಾನು ಬೆಲೆಯ ಮಾತೆತ್ತಲು ಬಾಯಿ ತೆರೆದೆ. ಅಪ್ಪ ನನಗಿಂತ ಮುಂಚೆ ತೆರೆದ. ಬ್ರೇಕ್ ಹಿಡಿಯುವುದಿಲ್ಲ ಎಂದ.

ಆದರೆ ಪ್ರಿಮೊ ಓಡಿಹೋಗುವ ಪೈಕಿಯಲ್ಲ. ನಾಲ್ಕೂ ಚಕ್ರಗಳ ಹಿಂದೆ ಬೆರಳಾಡಿಸಿ ಎಣ್ಣೆ ಸೋರಿದೆಯೇ ನೋಡಿದ. ಎಂಜಿನ್ ನಿಲ್ಲಿಸಿ ಪೆಡಲನ್ನು ಒತ್ತಿ ಹಿಡಿದು ಅದು ಕೆಳಗೆ ಜಾರುತ್ತದೆಯೇ ನೋಡಿದ. ಆಮೇಲೆ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಸಂತೆಯ ಹಿಂದೆ ಗಾಡಿ ಪರೀಕ್ಷಿಸಲೆಂದೇ ಬಿಟ್ಟ ಖಾಲಿ ರಸ್ತೆಗೆ ಒಯ್ದು, ಜೋರಾಗಿ ಓಡಿಸಿ ನಿಲ್ಲಿಸಿದ. ಗಾಡಿ ನಿಂತಿತು. ಇಳಿಜಾರಿನಲ್ಲಿ ನಿಲ್ಲಿಸಿದ, ನಿಂತಿತು. ವಾಪಸ್ಸು ಬಂದು ಹೆಂಡತಿಗೆ, ಬ್ರೇಕು ಹೊಸದರ ಹಾಗಿದೆ ಎಂದ.

ಸೆನೋವಿಯಾಳ ಮುಖ ಬಿಗಿಯಿತು. ಇಲ್ಲದ ಗುಣ ಹೇಳಿ ಮಾರುವವರನ್ನು ಅವಳು ಕಂಡಿದ್ದಳು. ಇಲ್ಲದ ದೋಷ ಹೇಳುವವನನ್ನು ಕಂಡಿರಲಿಲ್ಲ.

"ನೋಡಿ ದೋನ್ ಫಿದೆನ್ಸಿಯೊ," ಎಂದಳು, "ನಾನು ಗಿಣ್ಣು ಮಾರೋಳು. ಚೆನ್ನಾಗಿರೋ ಗಿಣ್ಣನ್ನ ಕೆಟ್ಟಿದೆ ಅಂತ ಯಾವಳೂ ಹೇಳಲ್ಲ. ಹೇಳಿದ್ಲು ಅಂದ್ರೆ ಬುಟ್ಟಿ ತಳದಲ್ಲಿ ಬೇರೆ ಏನೋ ಇದೆ. ಖಾಲಿ ಗಾಡಿ ಹೆಂಗಾದ್ರೂ ನಿಲ್ಲುತ್ತೆ. ನಮ್ಮನೇರ್ನೆಲ್ಲ ಕೂರುಸ್ತೀನಿ. ಬ್ರೇಕ್ ಎಲ್ಲಿ ಹಿಡಿಯಲ್ಲ ಅಂತ ನಿಮಗೊಬ್ರಿಗೇ ಗೊತ್ತು, ನೀವೇ ಓಡ್ಸಿ ತೋರ್ಸಿ."

ನಾನು ಓಡಿಸುತ್ತೇನೆ ಎಂದೆ. ನೀನು ಮೊಟ್ಟೆ ಬುಟ್ಟಿ ಹೊತ್ತವಳ ಹಾಗೆ ಓಡಿಸುತ್ತೀ, ಬೆಳಿಗ್ಗೆ ನೀನು ಸಂತೆಗೆ ಬಂದಾಗಲೇ ದೂರದಿಂದ ನೋಡಿದೆ ಎಂದು ಅವಳು ತಳ್ಳಿಹಾಕಿದಳು. ಅಷ್ಟರಲ್ಲಿ ಮಕ್ಕಳು ಹತ್ತಿಯಾಗಿತ್ತು. ಅತ್ತೆಯನ್ನು ಇಬ್ಬರು ಹಿಡಿದು ಹತ್ತಿಸಿದರು. ಚಿಕ್ಕವಳು ಹಿಂದಿನ ಸೀಟಿನ ಬಟ್ಟೆಯ ಸೀಳಿನಿಂದ ಯಾವುದೋ ಹಳೆಯ ಕಾರ್ನಿವಾಲಿನ ಬಣ್ಣದ ಕಾಗದದ ಚೂರುಗಳನ್ನು ಕೀಳುತ್ತ ಕೂತಳು. ಸೆನೋವಿಯಾ ಅಮ್ಮನ ಸೀಟಿನಲ್ಲಿ ಲಂಗ ಹರಡಿಕೊಂಡು ಕೂತಳು. ಅಪ್ಪ ಕುರ್ಚಿಯಿಂದ ಎದ್ದ.

ಅವನು ವ್ಯಾನಿನ ಮೈ ಸವರುತ್ತ ಸುತ್ತುಹಾಕಿ ಬಂದು, ಬಾಗಿಲ ಹಿಡಿಗೆ ಹುಡುಕದೆ ಕೈ ಹಾಕಿ, ಚಾಲಕನ ಸೀಟಿನಲ್ಲಿ ಕೂತ. ಈಗ ಹೇಳು, ಈಗಲಾದರೂ ಹೇಳು ನಿಲ್ದಾ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ಇಡೀ ಸಂತೆಯ ಎದುರಿಗೆ ಅಪ್ಪನನ್ನು ಕುರುಡ ಎಂದ ಹಾಗೆ. ಹೇಳದಿದ್ದರೆ ಒಳಗೆ ಮೂರು ಮಕ್ಕಳು. ನಾನು ಅವನ ಬಾಗಿಲಿಗೆ ಹೋಗಿ ನಿಂತು ಕಿಟಕಿಯೊಳಗಿಂದ ಕೈ ಹಾಕಿ ಸ್ಟೀರಿಂಗನ್ನು ಹಿಡಿದುಕೊಂಡೆ.

ಅಪ್ಪ ಕೀ ತಿರುಗಿಸಿದ. ಹಿಂದಿನಿಂದ ಚಿಕ್ಕವಳು ಜಪಾನಿ ಹೆಂಗಸಿನ ದನಿ ಕೇಳಿ ನಕ್ಕಳು. ಅಪ್ಪ ತಲೆ ತಿರುಗಿಸಿ ಆ ನಗು ಬಂದ ಕಡೆಗೆ ಸ್ವಲ್ಪ ಹೊತ್ತು ಕಿವಿಗೊಟ್ಟ. ಆಮೇಲೆ ಎಂಜಿನ್ ನಿಲ್ಲಿಸಿದ.

"ಬ್ರೇಕ್ ಚೆನ್ನಾಗೇ ಇದೆ ಅಮ್ಮಾ," ಎಂದ. "ಯಾವತ್ತೂ ಚೆನ್ನಾಗೇ ಇತ್ತು. ಕಾಣದೇ ಇರೋದು ನಂಗೆ."

ಅಪ್ಪ ಸ್ಟೀರಿಂಗಿನ ಮೇಲಿದ್ದ ನನ್ನ ಕೈಯನ್ನು ಮುಟ್ಟಿ ನೋಡಿ, ಅದು ನನ್ನದೆಂದು ತಿಳಿದು, ಅಲ್ಲಿಂದ ತೆಗೆಯದೆ ಹೇಳಿದ.

"ನಿಮ್ಮಮ್ಮ ಮಳೇಲಿ ಹೇಳ್ತಿದ್ಲಲ್ಲ. ಆಮೇಲಾಮೇಲೆ ಬಿಸಿಲಲ್ಲೂ ಹೇಳೋಕೆ ಶುರು ಮಾಡಿದ್ಲು. ನಾನು ಹೇಳು ಅಂತ ಕೇಳ್ಲಿಲ್ಲ ನಿಲ್ದಾ. ಅವಳೂ ಯಾಕೆ ಅಂತ ಒಂದಿನಾನೂ ಹೇಳ್ಲಿಲ್ಲ."

ನಾನು ಅಲ್ಲಿಯೇ ನಿಂತು ಅತ್ತುಬಿಟ್ಟೆ. ಸಂತೆಯ ನಡುವೆ, ಧೂಳಿನಲ್ಲಿ, ಮಾರಾಟಕ್ಕಿದೆ ಎಂದು ರಟ್ಟು ಅಂಟಿಸಿದ ಗಾಜಿನ ಪಕ್ಕ. ಅಮ್ಮನ ಆ ವಟವಟವೆಲ್ಲ ಒಂದೊಂದಾಗಿ ಕಿವಿಗೆ ಬಂತು. ನಾಯಿ ಎಂದರೆ ನಾಯಿ ಇತ್ತು. ಕುರಿ ಎಂದರೆ ಕುರಿ ಇತ್ತು. ನಾವು ಹಿಂದೆ ಕೂತು ನಗುತ್ತಿದ್ದಾಗ ಅವಳು ನಮ್ಮನ್ನೆಲ್ಲ ಜೀವಸಹಿತ ಮನೆಗೆ ತಲುಪಿಸುತ್ತಿದ್ದಳು, ಜೊತೆಗೆ ಗಂಡನ ಮಾನವನ್ನೂ.

ಸೆನೋವಿಯಾ ಅವಸರ ಮಾಡಲಿಲ್ಲ. ತನ್ನ ಹ್ಯಾಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಬೇರೆ ಏನಾದರೂ ಹೇಳುವುದಿದೆಯೇ ಎಂದು ಅಪ್ಪನನ್ನು ಕೇಳಿದಳು. ಏರಿನಲ್ಲಿ ಎರಡನೇ ಗೇರು ಅಳುತ್ತದೆ, ಅಳಲಿ ಬಿಡಿ, ಹತ್ತುತ್ತದೆ ಎಂದ ಅಪ್ಪ. ಬೀಗದ ಕೈಯನ್ನು ಕಿತ್ತು ಅವಳ ಕೈಗೇ ಕೊಟ್ಟ. ನನಗಲ್ಲ, ಪ್ರಿಮೊಗೂ ಅಲ್ಲ.

ಬೆಲೆಗೆ ಹೆಚ್ಚು ಜಗ್ಗಾಟವಾಗಲಿಲ್ಲ. ಪ್ರಿಮೊ ಬಿಯರ್ ತಂದ. ಸೆನೋವಿಯಾ ನಾಲ್ಕು ಚಕ್ರಗಳಿಗೂ ಸುರಿದು, ಬಾನೆಟ್ಟಿಗೆ ಸುರಿಯಲು ಹೋದವಳು ತುಕ್ಕು ನೋಡಿ ಕೈ ತಡೆದು, ಅಪ್ಪನ ಗ್ಲಾಸಿಗೆ ಸುರಿದಳು. ಅಪ್ಪ ಮೊದಲ ಗುಟುಕನ್ನು ಭೂಮಿತಾಯಿಗೆ ಚೆಲ್ಲಿ ಉಳಿದದ್ದನ್ನು ಕುಡಿದ. ವ್ಯಾನು ಸಾಲಿನಿಂದ ಹೊರಟಾಗ ಅವನು ಅದರ ಸದ್ದಿನ ಕಡೆಗೆ ಮುಖ ಮಾಡಿ ನಿಂತಿದ್ದ. ಸದ್ದು ಬೇರೆ ಸದ್ದುಗಳಲ್ಲಿ ಕಲೆತುಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದ.

ಮನೆಗೆ ಮಿನಿಬಸ್ಸಿನಲ್ಲಿ ಹೊರಟೆವು. ನಾನು ಅವನ ತೋಳು ಹಿಡಿದು ಹತ್ತಿಸಿದೆ. ಕಳೆದ ವಾರವಾಗಿದ್ದರೆ ಕೊಡವಿಬಿಡುತ್ತಿದ್ದ. ಕಿಟಕಿಯ ಪಕ್ಕದಲ್ಲಿ ಕೂತು, ಮಡಚಿದ ಕುರ್ಚಿಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಬಹಳ ದೂರದವರೆಗೆ ಗಾಜಿನ ಕಡೆಗೇ ಮುಖ ಮಾಡಿಕೊಂಡಿದ್ದ. ಹೊರಗೆ ನೋಡುತ್ತಿದ್ದಾನೆ ಎಂದೇ ಯಾರಾದರೂ ಅಂದುಕೊಳ್ಳಬೇಕು. ನಾನೂ ಅಭ್ಯಾಸಬಲದಿಂದ ಹಾಗೆಯೇ ಅಂದುಕೊಂಡೆ.

ಆಗ ಅವನು, ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ, "ಈಗ ಎಲ್ಲಿದೀವಿ?" ಎಂದ.

ನನ್ನ ಅಪ್ಪ ಅಂಥದ್ದೊಂದನ್ನು ಯಾರಲ್ಲೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಏಳನೇ ಕಿಲೋಮೀಟರ್ ದಾಟಿದ್ವಿ ಅಪ್ಪ. ಕೋಳಿ ಸುಡೋ ಅಂಗಡಿ ಮುಂದೆ ಒಂದು ನಾಯಿ ಮಲ್ಗಿದೆ."

"ಯಾವ ಬಣ್ಣದ್ದು?"

"ಕಂದು. ಒಂದು ಕಿವಿ ಬಿಳಿ."

ಅಪ್ಪ ಹೂಂ ಎಂದ. ನಾನು ಮುಂದಿನದನ್ನು ಹೇಳಿದೆ.